ನಡುವಯಸ್ಸಿನ ರಕ್ತದೊತ್ತಡ ಮತ್ತು ಇಳಿವಯಸ್ಸಿನ ಮರೆವು

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ವಯಸ್ಸು ಏರಿದಂತೆ ಬುದ್ಧಿ ಮಂಕಾಗುವುದು, ನೆನಪು ಮಾಸುವುದು ದೇಹಧರ್ಮವೆಂದೇ ನಮ್ಮ ಸಮಾಜ ಬಹುಕಾಲ ತಿಳಿದುಕೊಂಡಿತ್ತು. ಬಹುಮಟ್ಟಿಗೆ ಇಂದಿಗೂ ಹಾಗೆಯೇ ತಿಳಿದಿದೆ. ಇದಕ್ಕೆ ಹೊಂದುವಂಥ ಇನ್ನೊಂದು ‘ಗಾದೆ’ ವೈದ್ಯರ ನಡುವೆಯೂ ಪ್ರಚಲಿತವಾಗಿತ್ತು. ರೋಗಿಯ ವಯಸ್ಸಿಗೆ ನೂರನ್ನು ಕೂಡಿಸಿದರೆ ಬರುವ ಮೊತ್ತವೇ ಆತನ ಸಹಜ ರಕ್ತದೊತ್ತಡ ಎಂಬುದು ಆ ಗಾದೆ. ಅದರ ಪ್ರಕಾರ ಎಪ್ಪತ್ತು ವರ್ಷದವರಲ್ಲಿ 170 ಮಿ.ಮೀ. ಪಾದರಸದಷ್ಟು ಒತ್ತಡ ಕಂಡರೂ ಚಿಂತಿಸಬೇಕಾದುದಿಲ್ಲ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಿಂದೀಚೆಗೆ ನಡೆದ ಸಂಶೋಧನೆಗಳು ಈ ಎರಡೂ ತಿಳಿವಳಿಕೆಗಳನ್ನು ಅಲ್ಲಗಳೆದಿವೆ. ಅಷ್ಟೇ ಅಲ್ಲ, ಎರಡನೆಯದನ್ನು ನಂಬಿ ಅಲಕ್ಷಿಸಿದ ಒತ್ತಡವೇ ಮೊದಲನೆಯದನ್ನು ಅನೇಕರ ಬಾಳಿನಲ್ಲಿ ನಿಜ ಮಾಡುತ್ತಿದೆ ಎಂಬುದಕ್ಕೆ ಆಧಾರಗಳು ದೊರೆತಿವೆ. ಆ ಆಧಾರಗಳ ಸ್ವರೂಪವೇನು, ಅವು ಎಷ್ಟು ಗಟ್ಟಿ, ಅವುಗಳಿಂದ ನಾವು ಯಾವ ವಯಸ್ಸಿನಲ್ಲಿ ಎಚ್ಚರಗೊಳ್ಳಬೇಕೆಂದು ತಿಳಿಯುತ್ತದೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲಿಗೆ ಮರೆವು ಮತ್ತು ಮರೆವಿನ ಕಾಯಿಲೆ ಎಂಬ ಎರಡರ ಅಂತರವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಅಂಗಡಿಗೆ ಹೋದವರು ಬೆಲ್ಲ ತರುವುದನ್ನು ಮರೆತು ಬರುವುದು ಮರೆವು. ಮೂವತ್ತು ವರ್ಷ ನಡೆದಾಡಿದ ಬೀದಿಯಲ್ಲಿ ತಮ್ಮ ಮನೆಯ ತಿರುವು ಯಾವುದೆಂದು ತಿಳಿಯದೆ ನಿಂತುಬಿಡುವುದು ಕಾಯಿಲೆ. ಆಯುಷ್ಯವಿಡೀ ಅಡುಗೆ ಮಾಡಿದ ಗೃಹಿಣಿ ಸಾರಿಗೆ ಬೇಳೆ ಮೊದಲೋ ಒಗ್ಗರಣೆ ಮೊದಲೋ ಎಂದು ತಡವರಿಸತೊಡಗಿದರೆ, ಲೇವಾದೇವಿಯಲ್ಲಿ ಪಳಗಿದ ವ್ಯಾಪಾರಿ ಚಿಲ್ಲರೆ ಎಣಿಸಲಾರದಾದರೆ, ಅಲ್ಲಿ ಕುಂದಿರುವುದು ನೆನಪೊಂದೇ ಅಲ್ಲ. ಯೋಚಿಸುವ, ಕ್ರಮವಾಗಿ ಕೆಲಸ ಮಾಡುವ, ಮಾತು ಹೊಂದಿಸುವ, ದಿಕ್ಕು ಗುರುತಿಸುವ ಶಕ್ತಿಗಳೂ ಕುಂದಿವೆ. ದೈನಂದಿನ ಬಾಳುವೆಗೆ ಇತರರನ್ನು ಅವಲಂಬಿಸಬೇಕಾಗುವ ಮಟ್ಟಿಗೆ ಈ ಕುಂದು ಬೆಳೆದಾಗ ಅದನ್ನು ಡಿಮೆನ್ಷಿಯಾ ಎನ್ನುತ್ತಾರೆ. ಇದು ಒಂದೇ ರೋಗದ ಹೆಸರಲ್ಲ, ಹಲವು ರೋಗಗಳು ಬಂದು ಸೇರುವ ಸ್ಥಿತಿಯ ಹೆಸರು. ಅವುಗಳಲ್ಲಿ ಹೆಚ್ಚು ಸಾಮಾನ್ಯವಾದುದು ಆಲ್ಝೈಮರ್ ಕಾಯಿಲೆ; ಅದರ ನಂತರದ ಸ್ಥಾನದಲ್ಲಿ ಮಿದುಳಿನ ರಕ್ತನಾಳಗಳ ದೋಷದಿಂದ ಬರುವ ಡಿಮೆನ್ಷಿಯಾವನ್ನು ಹೆಸರಿಸುವುದು ವಾಡಿಕೆ. ಭಾರತದಲ್ಲಿ ಅರವತ್ತು ದಾಟಿದವರ ಪೈಕಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿ ಡಿಮೆನ್ಷಿಯಾದಿಂದ ಬಳಲುತ್ತಿದ್ದಾರೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜು ಮಾಡಿದೆ. ಪುರುಷರಿಗಿಂತ ಸ್ತ್ರೀಯರಲ್ಲಿ, ನಗರಗಳಿಗಿಂತ ಹಳ್ಳಿಗಳಲ್ಲಿ ಈ ಪ್ರಮಾಣ ಹೆಚ್ಚು. ಇದು ಸಿರಿವಂತ ದೇಶಗಳ, ಪಟ್ಟಣವಾಸಿಗಳ ಕಾಯಿಲೆ ಎಂಬ ಎಣಿಕೆಗೆ ಈ ಅಂಕಿಗಳಲ್ಲಿ ಆಸ್ಪದವಿಲ್ಲ.

ಒಂದು ಶತಮಾನದ ವಾದ

ರಕ್ತನಾಳಗಳಿಗೂ ಬುದ್ಧಿಯ ಕ್ಷಯಕ್ಕೂ ನಂಟಿದೆ ಎಂಬ ವಿಚಾರ ಹೊಸದೇನಲ್ಲ. ಜರ್ಮನಿಯಲ್ಲಿ ಕೆಲಸಮಾಡುತ್ತಿದ್ದ ಆಟೊ ಬಿನ್ಸ್‌ವಾಂಗರ್ 1894ರಲ್ಲಿಯೇ ಮಿದುಳಿನ ಒಳಪದರದ ಬಿಳಿಯ ಭಾಗ ಸವೆದು ಬುದ್ಧಿ ಕುಂದಿದ ರೋಗಿಗಳನ್ನು ವರ್ಣಿಸಿ, ರಕ್ತಪೂರೈಕೆಯ ಕೊರತೆಯೇ ಅದಕ್ಕೆ ಕಾರಣವೆಂದು ಸೂಚಿಸಿದ್ದ. ಆದರೆ ಆ ರೋಗಿಗಳ ರಕ್ತದೊತ್ತಡ ಎಷ್ಟಿತ್ತೆಂದು ಅಳೆಯುವ ಸಾಧನ ಅವನಲ್ಲಿರಲಿಲ್ಲ. ತೋಳಿಗೆ ಪಟ್ಟಿ ಕಟ್ಟಿ ಒತ್ತಡ ಅಳೆಯುವ ಉಪಕರಣವನ್ನು ಇಟಲಿಯ ರೀವಾ ರೊಚ್ಚಿ ರೂಪಿಸಿದ್ದು 1896ರಲ್ಲಿ. ಸ್ಟೆಥೊಸ್ಕೋಪಿನಿಂದ ನಾಡಿಯ ಸದ್ದು ಆಲಿಸಿ ಮೇಲಿನ ಮತ್ತು ಕೆಳಗಿನ ಎರಡೂ ಅಂಕಿಗಳನ್ನು ಗುರುತಿಸುವ ವಿಧಾನವನ್ನು ರಷ್ಯದ ಕೊರೊಟ್ಕಾಫ್ ತಿಳಿಸಿದ್ದು 1905ರಲ್ಲಿ. ಹೀಗೆ ಕಾರಣದ ಊಹೆ ಮೊದಲು ಹುಟ್ಟಿತು, ಅದನ್ನು ಅಳೆಯುವ ಸಾಧನ ಅನಂತರ ಬಂದಿತು.

1906ರಲ್ಲಿ ಆಲೋಯಿಸ್ ಆಲ್ಝೈಮರ್ ಟ್ಯೂಬಿಂಗೆನ್ ನಗರದ ಸಭೆಯೊಂದರಲ್ಲಿ ಒಬ್ಬ ಮಹಿಳೆಯ ಮಿದುಳಿನ ಪರೀಕ್ಷೆಯ ವಿವರಗಳನ್ನು ಮಂಡಿಸಿದ. ಐವತ್ತರ ಆಸುಪಾಸಿನಲ್ಲಿಯೇ ಮರೆವಿಗೆ ಸಿಲುಕಿ ಆಸ್ಪತ್ರೆ ಸೇರಿದ್ದ ಆಕೆಯ ಮಿದುಳಿನಲ್ಲಿ ನರಕೋಶಗಳ ಒಳಗೆ ಎಳೆಗಳ ಸಿಕ್ಕು, ಕೋಶಗಳ ನಡುವೆ ವಿಚಿತ್ರ ವಸ್ತುವಿನ ಗಂಟುಗಳು ಕಂಡುಬಂದಿದ್ದವು. ಮುಂದೆ ಇವೇ ಆಲ್ಝೈಮರ್ ಕಾಯಿಲೆಯ ಗುರುತುಗಳೆನಿಸಿದವು. ಅಷ್ಟಾಗಿ ಉಲ್ಲೇಖಿಸಲ್ಪಡದ ಸಂಗತಿಯೊಂದು ಅದೇ ವರದಿಯಲ್ಲಿದೆ. ಆಕೆಯ ಮಿದುಳಿನ ದೊಡ್ಡ ರಕ್ತನಾಳಗಳು ಪೆಡಸುಗೊಂಡಿದ್ದವೆಂದೂ ಆಲ್ಝೈಮರ್ ದಾಖಲಿಸಿದ್ದಾನೆ. ಸಿಕ್ಕುಗಂಟುಗಳಿಗೆ ಅವನ ಹೆಸರು ಅಂಟಿತು. ರಕ್ತನಾಳಗಳ ಆ ವಾಕ್ಯ ಹಿಂದೆ ಉಳಿಯಿತು.

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಮುದುಕರ ಮರೆವಿಗೆಲ್ಲ ‘ಮಿದುಳಿನ ನಾಳಗಳು ಗಟ್ಟಿಯಾಗಿವೆ’ ಎಂಬ ಒಂದೇ ವಿವರಣೆ ಸಾಕಾಗಿತ್ತು. ಆಲ್ಝೈಮರ್ ಕಾಯಿಲೆಯನ್ನು ನಡುವಯಸ್ಸಿನವರ ಅಪರೂಪದ ರೋಗವೆಂದು ಬದಿಗಿಡಲಾಗಿತ್ತು. 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಬ್ಲೆಸೆಡ್, ಟಾಮ್ಲಿನ್‌ಸನ್ ಮತ್ತು ರಾತ್ ಅವರು ಮರೆವಿನಿಂದ ಬಳಲಿ ಸತ್ತ ವೃದ್ಧರ ಮಿದುಳುಗಳನ್ನು ಕೂಲಂಕಷವಾಗಿ ಪರೀಕ್ಷಿಸಿ, ಅವರಲ್ಲಿ ಬಹುಪಾಲು ಮಂದಿಯಲ್ಲಿ ಇದ್ದದ್ದು ಆಲ್ಝೈಮರ್ ಬಗೆಯ ಗಂಟುಗಳೇ ಎಂದು ತೋರಿಸಿದರು. 1974ರಲ್ಲಿ ಹಚಿನ್ಸ್ಕಿ ಮತ್ತು ಸಂಗಡಿಗರು, ನಾಳಗಳು ಗಟ್ಟಿಯಾದ ಮಾತ್ರಕ್ಕೆ ಬುದ್ಧಿ ಕ್ಷೀಣಿಸುವುದಿಲ್ಲ, ರಕ್ತ ಸಿಗದೆ ಮಿದುಳಿನ ಸಣ್ಣಪುಟ್ಟ ಭಾಗಗಳು ಸತ್ತಾಗ ಮಾತ್ರ ಹಾಗಾಗುತ್ತದೆ ಎಂದು ವಾದಿಸಿದರು. ಅಲ್ಲಿಂದ ಮುಂದೆ ತಕ್ಕಡಿ ಇನ್ನೊಂದು ಕಡೆಗೆ ವಾಲಿತು. ಆಲ್ಝೈಮರ್ ಒಂದು ಪಂಗಡ, ರಕ್ತನಾಳದ ಡಿಮೆನ್ಷಿಯಾ ಬೇರೊಂದು ಪಂಗಡ ಎಂಬಂತೆ ಪಠ್ಯಪುಸ್ತಕಗಳು ಗೆರೆ ಎಳೆದವು.

ಆ ಗೆರೆಯನ್ನು ಮಸುಕುಗೊಳಿಸಿದ್ದು ಅಮೆರಿಕದ ಕ್ರೈಸ್ತ ಸಂನ್ಯಾಸಿನಿಯರ ಅಧ್ಯಯನ. ನೋತ್ರ್ ದಾಮ್ ಪಂಥದ ಈ ಸೋದರಿಯರು ತಮ್ಮ ಮರಣಾನಂತರ ಮಿದುಳನ್ನು ಸಂಶೋಧನೆಗೆ ಕೊಡಲು ಒಪ್ಪಿದ್ದರು. ಬದುಕಿರುವಾಗ ಪ್ರತಿ ವರ್ಷ ಬುದ್ಧಿಶಕ್ತಿಯ ಪರೀಕ್ಷೆಗೂ ಒಳಗಾಗುತ್ತಿದ್ದರು. ಒಂದೇ ಬಗೆಯ ಆಹಾರ, ಒಂದೇ ಬಗೆಯ ವಸತಿ, ಮದ್ಯ ತಂಬಾಕುಗಳಿಲ್ಲದ ಬಾಳುವೆ ಇವರದಾದ್ದರಿಂದ ಹೋಲಿಕೆಗೆ ಇದಕ್ಕಿಂತ ಒಳ್ಳೆಯ ಗುಂಪು ಸಿಗುವುದು ಕಷ್ಟ. 1997ರಲ್ಲಿ ಡೇವಿಡ್ ಸ್ನೋಡನ್ ಮತ್ತು ಸಂಗಡಿಗರು ಇಂಥ 102 ಮಿದುಳುಗಳ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಅವುಗಳಲ್ಲಿ 61 ಮಿದುಳುಗಳು ಸೂಕ್ಷ್ಮದರ್ಶಕದ ಕೆಳಗೆ ಆಲ್ಝೈಮರ್ ಕಾಯಿಲೆಯ ಲಕ್ಷಣಗಳನ್ನು ಪೂರೈಸುತ್ತಿದ್ದವು. ಆದರೆ ಆ ಎಲ್ಲ ಸೋದರಿಯರೂ ಬದುಕಿದ್ದಾಗ ಮರೆವಿನ ರೋಗಿಗಳಾಗಿರಲಿಲ್ಲ. ಗಂಟುಗಳ ಜೊತೆಗೆ ಮಿದುಳಿನ ಆಳದಲ್ಲಿ ರಕ್ತನಾಳ ಕಟ್ಟಿಹೋಗಿ ಉಂಟಾದ ಒಂದೆರಡು ಸಣ್ಣ ಗಾಯಗಳೂ ಇದ್ದವರಲ್ಲಿ, ಅಂಥ ಗಾಯಗಳಿಲ್ಲದವರಿಗೆ ಹೋಲಿಸಿದರೆ, ಡಿಮೆನ್ಷಿಯಾ ಕಾಣಿಸಿಕೊಳ್ಳುವ ಸಂಭವ ಸುಮಾರು ಇಪ್ಪತ್ತು ಪಟ್ಟು ಹೆಚ್ಚಾಗಿತ್ತು. ಒಂದು ರೋಗದ ಹೊರೆಯನ್ನು ಮಿದುಳು ಹೇಗೋ ತಾಳಿಕೊಂಡಿತ್ತು. ಎರಡನೆಯದರ ಸಣ್ಣ ತುಣುಕೊಂದು ಬಂದು ಸೇರಿದಾಗ ಆ ತಾಳಿಕೆ ಮುರಿದುಬಿತ್ತು. ಈ ಲೇಖಕನ ದೃಷ್ಟಿಯಲ್ಲಿ ಇಡೀ ವಿಷಯದ ಕೀಲಿಕೈ ಇಲ್ಲಿದೆ. ಆಲ್ಝೈಮರ್ ಗಂಟುಗಳನ್ನು ತಡೆಯುವ ಸುಲಭ ಮಾರ್ಗ ನಮಗೆ ಇನ್ನೂ ದೊರೆತಿಲ್ಲ. ರಕ್ತನಾಳದ ಗಾಯಗಳನ್ನು ತಡೆಯುವ ಮಾರ್ಗ ಮಾತ್ರ ದೊರೆತು ಅರ್ಧ ಶತಮಾನ ಕಳೆದಿದೆ.

ಮಿದುಳಿನ ನೀರಾವರಿ

ಒತ್ತಡವು ಮಿದುಳಿಗೆ ಮಾಡುವ ಹಾನಿಯನ್ನು ತಿಳಿಯಲು ನಮ್ಮ ಕೆರೆ ಕಾಲುವೆಗಳ ವ್ಯವಸ್ಥೆಯನ್ನು ನೆನೆಯಬಹುದು. ಶರೀರದ ತೂಕದ ನೂರರಲ್ಲಿ ಎರಡು ಪಾಲಷ್ಟೇ ಇರುವ ಮಿದುಳು ದೇಹ ಬಳಸುವ ಆಮ್ಲಜನಕದ ಐದನೆಯ ಒಂದು ಭಾಗವನ್ನು ಪಡೆಯುತ್ತದೆ. ತನ್ನದೆಂಬ ದಾಸ್ತಾನು ಅದಕ್ಕೆ ಇಲ್ಲವೆಂದೇ ಹೇಳಬೇಕು; ಪೂರೈಕೆ ಕೆಲವೇ ನಿಮಿಷ ನಿಂತರೂ ನರಕೋಶಗಳು ಸಾಯುತ್ತವೆ. ಹೀಗಾಗಿ ಹೃದಯದಿಂದ ಬರುವ ಒತ್ತಡ ಏರಲಿ ಇಳಿಯಲಿ, ಮಿದುಳಿಗೆ ಸಲ್ಲುವ ರಕ್ತದ ಪ್ರಮಾಣ ಬಹುಮಟ್ಟಿಗೆ ಸಮನಾಗಿರುವಂತೆ ಅಲ್ಲಿನ ಕಿರು ಅಪಧಮನಿಗಳು ತಾವೇ ಹಿಗ್ಗಿ ಕುಗ್ಗಿ ನೋಡಿಕೊಳ್ಳುತ್ತವೆ. ಕೆರೆಯ ನೀರಿನ ಮಟ್ಟಕ್ಕೆ ತಕ್ಕಂತೆ ತೂಬನ್ನು ಏರಿಸಿ ಇಳಿಸುವ ನೀರುಗಂಟಿಯ ಕೆಲಸವದು.

ಒತ್ತಡ ವರ್ಷಗಟ್ಟಲೆ ಹೆಚ್ಚಾಗಿಯೇ ಇದ್ದರೆ ಈ ನಾಳಗಳು ಸದಾ ಬಿಗಿದುಕೊಂಡಿರಬೇಕಾಗುತ್ತದೆ. ಕ್ರಮೇಣ ಅವುಗಳ ಗೋಡೆ ದಪ್ಪವಾಗಿ, ಒಳಗಿನ ದಾರಿ ಕಿರಿದಾಗಿ, ಹಿಗ್ಗುವ ಗುಣವೇ ನಷ್ಟವಾಗುತ್ತದೆ. ತೂಬು ತುಕ್ಕು ಹಿಡಿದು ಒಂದೇ ಸ್ಥಿತಿಯಲ್ಲಿ ನಿಂತಂತೆ. ಆಗ ಹೆಚ್ಚಿನ ಒತ್ತಡವಿದ್ದರೆ ಮಾತ್ರ ರಕ್ತ ಹರಿಯುವಂಥ ಪರಿಸ್ಥಿತಿ ಒದಗುತ್ತದೆ. ಒತ್ತಡ ಹಠಾತ್ತನೆ ತಗ್ಗಿದರೆ ಮಿದುಳಿಗೆ ಬರಗಾಲ. ದೀರ್ಘಕಾಲದ ರೋಗಿಯ ಒತ್ತಡವನ್ನು ಒಂದೇ ದಿನದಲ್ಲಿ ಇಳಿಸಬಾರದು, ವಾರಗಟ್ಟಲೆ ಸಾವಕಾಶವಾಗಿ ಇಳಿಸಬೇಕೆಂಬ ವೈದ್ಯಕೀಯ ವಿವೇಕಕ್ಕೆ ಇದೇ ಕಾರಣ.

ಕಾಲುವೆಯ ಕೊನೆಯ ಗದ್ದೆಯವನ ಪಾಡು ಎಲ್ಲರಿಗೂ ತಿಳಿದಿದೆ. ಮಿದುಳಿನಲ್ಲಿ ಆ ಸ್ಥಾನ ಆಳದ ಶ್ವೇತದ್ರವ್ಯಕ್ಕೆ ಸಲ್ಲುತ್ತದೆ. ಮಿದುಳಿನ ಒಂದು ಕೇಂದ್ರವನ್ನು ಇನ್ನೊಂದಕ್ಕೆ ಜೋಡಿಸುವ ನರತಂತುಗಳ ರಾಶಿಯೇ ಶ್ವೇತದ್ರವ್ಯ. ಅದಕ್ಕೆ ರಕ್ತ ತಲುಪುವುದು ಮೇಲ್ಪದರದಿಂದ ಆಳಕ್ಕಿಳಿಯುವ ಉದ್ದನೆಯ, ಕೂದಲಿನಂಥ ನಾಳಗಳ ಮೂಲಕ. ಇವುಗಳಲ್ಲಿ ಒಂದು ಕಟ್ಟಿಕೊಂಡರೆ ಪಕ್ಕದ ನಾಳ ನೆರವಿಗೆ ಬರುವಂಥ ಅಡ್ಡಗಾಲುವೆಗಳು ಅಲ್ಲಿ ಕಡಿಮೆ. ಪೂರೈಕೆ ಕುಂದಿದ ಭಾಗಗಳು ಎಂ.ಆರ್.ಐ. ಚಿತ್ರದಲ್ಲಿ ಬಿಳಿಯ ಕಲೆಗಳಾಗಿ ತೋರುತ್ತವೆ. ರೋಗಿಗೆ ನೋವಿಲ್ಲ, ಜ್ವರವಿಲ್ಲ, ಕೈಕಾಲು ಬಿದ್ದುಹೋಗುವುದೂ ಇಲ್ಲ. ಯೋಚನೆಯ ವೇಗ ತಗ್ಗುತ್ತದೆ, ಎರಡು ಕೆಲಸಗಳನ್ನು ಒಟ್ಟಿಗೆ ನಿಭಾಯಿಸುವುದು ಕಷ್ಟವಾಗುತ್ತದೆ, ನಡಿಗೆ ನಿಧಾನವಾಗುತ್ತದೆ. ಮನೆಯವರು ‘ವಯಸ್ಸಾಯಿತು’ ಎನ್ನುತ್ತಾರೆ.

ಇದಲ್ಲದೆ ಕಸ ಹೊರಹಾಕುವ ವ್ಯವಸ್ಥೆಯ ವಿಚಾರವೂ ಉಂಟು. ನರಕೋಶಗಳ ಚಟುವಟಿಕೆಯಿಂದ ಉಳಿಯುವ ತ್ಯಾಜ್ಯವು, ಆಲ್ಝೈಮರ್ ಗಂಟುಗಳ ಮೂಲವಾದ ಅಮೈಲಾಯ್ಡ್ ಪ್ರೋಟೀನೂ ಸೇರಿದಂತೆ, ರಕ್ತನಾಳಗಳ ಸುತ್ತಲಿನ ಸಂದುಗಳಲ್ಲಿ ಹರಿಯುವ ದ್ರವದೊಡನೆ ತೊಳೆದುಹೋಗುತ್ತದೆಂದು 2012ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳಿಂದ ತಿಳಿದುಬಂದಿತು. ಆ ಹರಿವಿಗೆ ನೂಕುಬಲ ನೀಡುವುದು ಅಪಧಮನಿಗಳ ಮಿಡಿತ. ಒತ್ತಡ ಏರಿಸಿದ ಇಲಿಗಳಲ್ಲಿ ಈ ಹರಿವು ಕುಂಠಿತವಾಗುವುದನ್ನು 2018ರಲ್ಲಿ ವರದಿ ಮಾಡಲಾಯಿತು. ಮನುಷ್ಯರಲ್ಲಿ ಇದು ಎಷ್ಟರಮಟ್ಟಿಗೆ ಅನ್ವಯಿಸುತ್ತದೆಂಬ ಚರ್ಚೆ ಮುಗಿದಿಲ್ಲವಾದ ಕಾರಣ ಇದನ್ನು ಇಲ್ಲಿ ಹೆಚ್ಚು ಬೆಳೆಸುವುದು ಉಚಿತವಲ್ಲ.

ಇಪ್ಪತ್ತು ವರ್ಷಗಳ ಅಂತರ

ರೋಗಕ್ಕೆ ಕಾರಣ ಹುಡುಕುವವರು ಸಾಮಾನ್ಯವಾಗಿ ರೋಗಿಯನ್ನು ಪರೀಕ್ಷಿಸುತ್ತಾರೆ. ಮರೆವಿನ ಕಾಯಿಲೆಯಲ್ಲಿ ಆ ಮಾರ್ಗ ಹಿಡಿದವರು ದಿಕ್ಕು ತಪ್ಪಿದರು. ಡಿಮೆನ್ಷಿಯಾ ಬಂದವರ ರಕ್ತದೊತ್ತಡ ಅಳೆದರೆ ಅನೇಕ ವೇಳೆ ಅದು ಇತರ ವೃದ್ಧರಿಗಿಂತ ಕಡಿಮೆಯೇ ಇರುತ್ತಿತ್ತು! ಹಾಗಾದರೆ ಅಧಿಕ ಒತ್ತಡ ಇವರಿಗೆ ರಕ್ಷಣೆ ನೀಡುತ್ತದೆಯೆ ಎಂಬ ಪ್ರಶ್ನೆಯೂ ಹುಟ್ಟಿಕೊಂಡಿತು. ಈ ಒಗಟು ಬಿಡಿಸಬೇಕಾದರೆ ಅದೇ ಜನರ ಇಪ್ಪತ್ತು ವರ್ಷ ಹಿಂದಿನ ಅಳತೆಗಳು ಬೇಕಾಗಿದ್ದವು.

ಅಂಥ ಅಳತೆಗಳು ಹವಾಯಿ ದ್ವೀಪಗಳಲ್ಲಿದ್ದವು. ಹೊನೊಲುಲುವಿನ ಜಪಾನೀ ಮೂಲದ ಪುರುಷರ ಹೃದಯಾರೋಗ್ಯದ ಅಧ್ಯಯನ 1965ರಲ್ಲಿ ಆರಂಭವಾಗಿತ್ತು. ಅವರಲ್ಲಿ ಬದುಕುಳಿದವರ ಬುದ್ಧಿಶಕ್ತಿಯನ್ನು 1991ರ ನಂತರ ಪರೀಕ್ಷಿಸಿ, ಹಳೆಯ ಕಡತಗಳೊಡನೆ ತಾಳೆ ನೋಡಲಾಯಿತು. ಲೆನೋರ್ ಲೌನರ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದಂತೆ, ನಡುವಯಸ್ಸಿನಲ್ಲಿ ಮೇಲಿನ ಅಂಕಿ 10 ಮಿ.ಮೀ. ಹೆಚ್ಚಾದಂತೆಲ್ಲ ಮುಪ್ಪಿನಲ್ಲಿ ಬುದ್ಧಿಶಕ್ತಿ ತೀರ ಕುಗ್ಗುವ ಸಂಭವ ಶೇ. 9ರಷ್ಟು ಏರುತ್ತಿತ್ತು. ಅದೇ ಗುಂಪಿನ ಮುಂದಿನ ವರದಿಯ ಪ್ರಕಾರ, ಒತ್ತಡ ಹೆಚ್ಚಿದ್ದೂ ಎಂದೂ ಔಷಧ ಸೇವಿಸದವರಲ್ಲಿ ಡಿಮೆನ್ಷಿಯಾದ ಅಪಾಯ ಎದ್ದು ಕಾಣುತ್ತಿತ್ತು.

ಮರುವರ್ಷ, ಅಂದರೆ 1996ರಲ್ಲಿ, ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದಿಂದ ಬಂದ ವರದಿ ಒಗಟಿನ ಉಳಿದರ್ಧವನ್ನು ಬಿಡಿಸಿತು. ಇಂಗ್ಮಾರ್ ಸ್ಕೂಗ್ ಮತ್ತು ಸಂಗಡಿಗರು ಎಪ್ಪತ್ತರ ವಯಸ್ಸಿನಲ್ಲಿ ಮರೆವಿನ ಕಾಯಿಲೆಯಿಲ್ಲದ 382 ಮಂದಿಯನ್ನು ಹದಿನೈದು ವರ್ಷ ಹಿಂಬಾಲಿಸಿದರು. 79ರಿಂದ 85ರ ವಯಸ್ಸಿನ ನಡುವೆ ಡಿಮೆನ್ಷಿಯಾಕ್ಕೆ ಒಳಗಾದವರಲ್ಲಿ ಎಪ್ಪತ್ತರಲ್ಲಿದ್ದ ಸರಾಸರಿ ಒತ್ತಡ 178/101, ಒಳಗಾಗದವರಲ್ಲಿ 164/92. ಕಾಯಿಲೆ ಕಾಣಿಸಿಕೊಳ್ಳುವುದಕ್ಕೆ ಕೆಲವು ವರ್ಷ ಮೊದಲೇ ರೋಗಿಗಳ ಒತ್ತಡ ತಾನಾಗಿ ಇಳಿಯತೊಡಗುತ್ತಿತ್ತು. ತೂಕ ಇಳಿಯುವುದು, ಒತ್ತಡ ನಿಯಂತ್ರಿಸುವ ಮಿದುಳಿನ ಕೇಂದ್ರಗಳೇ ಹಾಳಾಗುವುದು ಇದಕ್ಕೆ ಕಾರಣಗಳಿರಬಹುದು. ಅಂದರೆ ಏರಿದ ಒತ್ತಡ ಬಂದು ತನ್ನ ಕೆಲಸ ಮುಗಿಸಿ, ಗುರುತು ಸಿಗದಂತೆ ಹಿಂದೆ ಸರಿದಿರುತ್ತದೆ. 78ರ ವಯಸ್ಸಿನ ಅಜ್ಜನನ್ನು ಮರೆವಿಗಾಗಿ ವೈದ್ಯರಲ್ಲಿಗೆ ಕರೆದೊಯ್ದಾಗ 120/70 ಎಂಬ ಅಂಕಿ ಬಂದರೆ, ‘ಇವರಿಗೆ ಬಿ.ಪಿ.ಯ ತೊಂದರೆಯೇ ಇಲ್ಲ’ ಎಂದು ಮನೆಯವರು ಸಮಾಧಾನಪಡುವುದು ಸಹಜ. ಆ ಅಂಕಿ ಐವತ್ತರಲ್ಲಿ ಏನಿತ್ತೆಂಬುದೇ ನಿಜವಾದ ಪ್ರಶ್ನೆ. ಅದಕ್ಕೆ ಉತ್ತರ ನಮ್ಮ ಬಹುಪಾಲು ಮನೆಗಳಲ್ಲಿ ಇಲ್ಲ, ಏಕೆಂದರೆ ಆಗ ಅಳೆದವರಾರು?

ಲಂಡನ್ನಿನ ಸರ್ಕಾರಿ ನೌಕರರನ್ನು 1985ರಿಂದ ಹಿಂಬಾಲಿಸಿದ ವೈಟ್‌ಹಾಲ್ ಅಧ್ಯಯನದ 2018ರ ವರದಿ ಈ ವಯಸ್ಸಿನ ಮಾತನ್ನು ಇನ್ನಷ್ಟು ಖಚಿತಗೊಳಿಸಿತು. 8,639 ಮಂದಿಯ ಮಾಹಿತಿಯ ಪ್ರಕಾರ, ಐವತ್ತರ ವಯಸ್ಸಿನಲ್ಲಿ ಮೇಲಿನ ಅಂಕಿ 130 ಅಥವಾ ಹೆಚ್ಚು ಇದ್ದವರಲ್ಲಿ ಮುಂದೆ ಡಿಮೆನ್ಷಿಯಾ ಬರುವ ಅಪಾಯ ಶೇ. 38ರಷ್ಟು ಅಧಿಕ. ಅರವತ್ತು ಅಥವಾ ಎಪ್ಪತ್ತರಲ್ಲಿ ಅಳೆದ ಅಂಕಿಗೆ ಅಂಥ ಸಂಬಂಧ ಕಾಣಲಿಲ್ಲ. 130 ಎಂಬುದು ಚಿಕಿತ್ಸೆಗೆ ರೂಢಿಯಲ್ಲಿರುವ 140ರ ಮಿತಿಗಿಂತ ಕೆಳಗಿನದು ಎಂಬುದನ್ನು ಗಮನಿಸಬೇಕು. ತೀರ ಇಳಿವಯಸ್ಸಿನಲ್ಲಾದರೋ ಚಿತ್ರ ತಿರುವುಮುರುವಾಗುತ್ತದೆ. ಸ್ಟಾಕ್‌ಹೋಮ್‌ನಲ್ಲಿ 75 ದಾಟಿದವರನ್ನು ಅಭ್ಯಸಿಸಿದಾಗ, ಮೇಲಿನ ಅಂಕಿ 180 ಮೀರಿದವರಂತೆಯೇ ಕೆಳಗಿನ ಅಂಕಿ 65ಕ್ಕೆ ಇಳಿದವರೂ ಹೆಚ್ಚಿನ ಅಪಾಯದಲ್ಲಿದ್ದುದು ಕಂಡುಬಂದಿತು.

ಔಷಧದಿಂದ ತಡೆಯಬಹುದೆ?

ಎರಡು ಸಂಗತಿಗಳು ಜೊತೆಯಾಗಿ ಕಾಣಿಸಿದ ಮಾತ್ರಕ್ಕೆ ಒಂದು ಇನ್ನೊಂದರ ಕಾರಣವಾಗುವುದಿಲ್ಲ. ಒತ್ತಡ ಹೆಚ್ಚಿರುವವರಲ್ಲಿ ಸಕ್ಕರೆ ಕಾಯಿಲೆ, ಬೊಜ್ಜು, ಧೂಮಪಾನ, ಬಡತನ, ಕಡಿಮೆ ವಿದ್ಯಾಭ್ಯಾಸಗಳೂ ಇರಬಹುದು. ಒತ್ತಡ ಇಳಿಸಿದರೆ ಕಾಯಿಲೆಯೂ ಇಳಿಯುತ್ತದೆಯೆ ಎಂಬುದೇ ನಿಜವಾದ ಒರೆಗಲ್ಲು.

ಇಲ್ಲಿ ಸ್ವಲ್ಪ ಇತಿಹಾಸ ನೆನೆಯುವುದು ಅವಶ್ಯ. ಕಾರಣ ತಿಳಿಯದ ಅಧಿಕ ಒತ್ತಡಕ್ಕೆ ವೈದ್ಯರು ‘ಎಸೆನ್ಷಿಯಲ್’ ಎಂಬ ವಿಶೇಷಣ ಹಚ್ಚಿದ್ದರು. ಕಿರಿದಾದ ನಾಳಗಳಲ್ಲಿ ರಕ್ತ ನೂಕಲು ಆ ಒತ್ತಡ ಅವಶ್ಯಕವೆಂದೇ ಹಲವರು ಅದನ್ನು ಅರ್ಥೈಸಿಕೊಂಡು, ಇಳಿಸುವ ಗೋಜಿಗೆ ಹೋಗುತ್ತಿರಲಿಲ್ಲ. ಇಳಿಸಲು ಒಳ್ಳೆಯ ಔಷಧಗಳೂ ಆಗ ಇರಲಿಲ್ಲ. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ 1945ರ ಏಪ್ರಿಲ್ 12ರಂದು ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡ ದಿನ ಅವರ ರಕ್ತದೊತ್ತಡ 300/190 ಇದ್ದುದು ದಾಖಲಾಗಿದೆ. ವಿಶ್ವದ ಅತ್ಯಂತ ಪ್ರಬಲ ವ್ಯಕ್ತಿಯ ವೈದ್ಯರಿಗೂ ಅದನ್ನು ಇಳಿಸುವ ಉಪಾಯ ತಿಳಿದಿರಲಿಲ್ಲ. ಚಿಕಿತ್ಸೆಯಿಂದ ಜೀವ ಉಳಿಯುತ್ತದೆಂದು ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ಪ್ರಯೋಗ ತೋರಿಸಿದ್ದು 1967ರಲ್ಲಿ. ಅರವತ್ತು ದಾಟಿದವರಲ್ಲಿ ಮೇಲಿನ ಅಂಕಿ ಒಂದನ್ನೇ ಇಳಿಸಿದರೂ ಪಾರ್ಶ್ವವಾಯು ಶೇ. 36ರಷ್ಟು ತಗ್ಗುತ್ತದೆಂದು ತಿಳಿದದ್ದು 1991ರಲ್ಲಿ. ‘ವಯಸ್ಸಿಗೆ ನೂರು ಕೂಡಿಸು’ ಎಂಬ ಸೂತ್ರಕ್ಕೆ ಅಲ್ಲಿಗೆ ಅಂತ್ಯಕಾಲ ಬಂದಂತಾಯಿತು.

ಮರೆವಿನ ವಿಷಯದಲ್ಲಿ ಉತ್ತರ ಇಷ್ಟು ನೇರವಾಗಿ ಬರಲಿಲ್ಲ. ಯೂರೋಪಿನಲ್ಲಿ ನಡೆದ ಪ್ರಯೋಗವೊಂದು 1998ರಲ್ಲಿ, ನೈಟ್ರೆಂಡಿಪಿನ್ ಎಂಬ ಔಷಧದಿಂದ ಆರಂಭಿಸಿದ ಚಿಕಿತ್ಸೆ ಡಿಮೆನ್ಷಿಯಾವನ್ನು ಅರ್ಧಕ್ಕೆ ಇಳಿಸಿತೆಂದು ಸಾರಿತು. ಆದರೆ ಕಾಯಿಲೆಗೆ ಒಳಗಾದವರ ಒಟ್ಟು ಸಂಖ್ಯೆಯೇ ಅಲ್ಪವಾಗಿತ್ತು. ಎಂಬತ್ತು ದಾಟಿದವರ ಪ್ರಯೋಗವೊಂದು 2008ರಲ್ಲಿ ಸ್ಪಷ್ಟ ಲಾಭ ತೋರಲಿಲ್ಲ. ಇಂಥ ಪ್ರಯೋಗಗಳ ಸಹಜ ತೊಡಕೊಂದನ್ನು ಇಲ್ಲಿ ಹೇಳಬೇಕು. ಹೃದಯಕ್ಕೆ, ಆಯುಷ್ಯಕ್ಕೆ ಚಿಕಿತ್ಸೆಯಿಂದ ಲಾಭವಾಗುತ್ತಿದೆಯೆಂದು ಕಂಡೊಡನೆ ಪ್ರಯೋಗವನ್ನು ನಿಲ್ಲಿಸಿ ಎಲ್ಲರಿಗೂ ಔಷಧ ಕೊಡುವುದು ನೈತಿಕ ಕರ್ತವ್ಯ. ಡಿಮೆನ್ಷಿಯಾ ಹತ್ತಾರು ವರ್ಷಗಳ ಸಾವಕಾಶದ ರೋಗ. ಎರಡು ಮೂರು ವರ್ಷಗಳಲ್ಲಿ ಮುಗಿದುಹೋಗುವ ಪ್ರಯೋಗದ ಕಣ್ಣಿಗೆ ಅದು ಬೀಳುವುದಿಲ್ಲ.

ಅಮೆರಿಕದ ‘ಸ್ಪ್ರಿಂಟ್’ ಪ್ರಯೋಗಕ್ಕೂ ಆದದ್ದು ಇದೇ. ಐವತ್ತು ದಾಟಿದ 9,361 ಮಂದಿಯನ್ನು ಎರಡು ಗುಂಪು ಮಾಡಿ, ಒಂದರಲ್ಲಿ ಮೇಲಿನ ಅಂಕಿಯನ್ನು 140ಕ್ಕಿಂತ, ಇನ್ನೊಂದರಲ್ಲಿ 120ಕ್ಕಿಂತ ಕೆಳಗೆ ಇಡುವ ಗುರಿ ಇರಿಸಿಕೊಳ್ಳಲಾಯಿತು. ಎರಡನೆಯ ಗುಂಪಿನಲ್ಲಿ ಸಾವು ಮತ್ತು ಹೃದ್ರೋಗ ಸ್ಪಷ್ಟವಾಗಿ ತಗ್ಗಿದ್ದರಿಂದ 2015ರಲ್ಲಿ ಚಿಕಿತ್ಸಾ ಹಂತವನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. 2019ರಲ್ಲಿ ಬಂದ ಬುದ್ಧಿಶಕ್ತಿಯ ವರದಿಯಲ್ಲಿ ಡಿಮೆನ್ಷಿಯಾ ಬಂದವರು ಕ್ರಮವಾಗಿ 176 ಮತ್ತು 149. ಅಂತರ ನಿರೀಕ್ಷಿತ ದಿಕ್ಕಿನಲ್ಲಿದ್ದರೂ ಸಂಖ್ಯಾಶಾಸ್ತ್ರದ ನಿಯಮಕ್ಕೆ ಸಾಲದಾಯಿತು. ಆದರೆ ಡಿಮೆನ್ಷಿಯಾದ ಹೊಸ್ತಿಲು ಎನ್ನಬಹುದಾದ ಲಘು ಬುದ್ಧಿಕ್ಷೀಣತೆ ಶೇ. 19ರಷ್ಟು ತಗ್ಗಿದ್ದು ನಿಸ್ಸಂದೇಹವಾಗಿತ್ತು. ಶ್ವೇತದ್ರವ್ಯದ ಕಲೆಗಳ ಬೆಳವಣಿಗೆಯೂ ನಿಧಾನಗೊಂಡಿತ್ತು. 2022ರಲ್ಲಿ ಐದು ಪ್ರಯೋಗಗಳ 28,008 ಮಂದಿಯ ಮಾಹಿತಿಯನ್ನು ಒಟ್ಟುಗೂಡಿಸಿದಾಗ ಡಿಮೆನ್ಷಿಯಾದ ಸಂಭವ ಶೇ. 13ರಷ್ಟು ಕಡಿಮೆಯಾದುದು ಸಿದ್ಧಪಟ್ಟಿತು. ಈ ಪ್ರಮಾಣ ದೊಡ್ಡದೇನಲ್ಲ. ಕಿವುಡುತನ, ಕೊಲೆಸ್ಟೆರಾಲ್, ಅವಿದ್ಯೆ ಮೊದಲಾದ ಹದಿನಾಲ್ಕು ಅಪಾಯಕಾರಿ ಅಂಶಗಳನ್ನು 2024ರಲ್ಲಿ ಪಟ್ಟಿ ಮಾಡಿದ ಲ್ಯಾನ್ಸೆಟ್ ಆಯೋಗವೂ, ಎಲ್ಲವನ್ನೂ ನಿವಾರಿಸಿದರೆ ತಪ್ಪಬಹುದಾದ ಶೇ. 45ರಲ್ಲಿ ರಕ್ತದೊತ್ತಡದ ಪ್ರತ್ಯೇಕ ಪಾಲನ್ನು ಶೇ. 2 ಎಂದಷ್ಟೇ ಎಣಿಸಿದೆ. ಆದರೆ ಅಳೆಯುವ ಉಪಕರಣ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿರುವ, ಮಾತ್ರೆ ಅಗ್ಗವಾಗಿ ಸಿಗುವ, ಹೃದಯ ಮೂತ್ರಪಿಂಡಗಳನ್ನೂ ಜೊತೆಯಲ್ಲೇ ಕಾಪಾಡುವ ಉಪಾಯ ಆ ಪಟ್ಟಿಯಲ್ಲಿ ಇದರಷ್ಟು ಸಿದ್ಧವಾಗಿರುವುದು ಬೇರೊಂದಿಲ್ಲ. ಅಮೆರಿಕದ ಹೃದಯ ತಜ್ಞರ ಸಂಸ್ಥೆಗಳು 2025ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಬುದ್ಧಿಕ್ಷೀಣತೆಯ ತಡೆಯನ್ನೂ ಚಿಕಿತ್ಸೆಯ ಉದ್ದೇಶವೆಂದು ಹೆಸರಿಸಿದೆ.

ಹಳ್ಳಿಗಳ ಪ್ರಯೋಗ

ಇದುವರೆಗಿನ ಸಾಕ್ಷ್ಯಗಳಲ್ಲಿ ನಮ್ಮ ನಾಡಿಗೆ ಅತ್ಯಂತ ಹತ್ತಿರವಾದುದು ಚೀನಾದಿಂದ ಬಂದಿದೆ. ಅಲ್ಲಿನ 326 ಹಳ್ಳಿಗಳಲ್ಲಿ ನಲವತ್ತು ದಾಟಿದ, ಅಧಿಕ ಒತ್ತಡವಿದ್ದ 33,995 ಮಂದಿಯ ಮೇಲೆ ನಡೆದ ನಾಲ್ಕು ವರ್ಷಗಳ ಪ್ರಯೋಗದ ಫಲ 2025ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಹಳ್ಳಿಗಳಲ್ಲಿ ಎಂದಿನ ಚಿಕಿತ್ಸೆ. ಉಳಿದವುಗಳಲ್ಲಿ ಪೂರ್ಣ ವೈದ್ಯಕೀಯ ಪದವಿಯಿಲ್ಲದ ‘ಹಳ್ಳಿ ವೈದ್ಯ’ರಿಗೆ ತರಬೇತಿ ಕೊಟ್ಟು, ನಿಗದಿತ ಕ್ರಮದಂತೆ ಔಷಧ ಹೆಚ್ಚು ಕಡಿಮೆ ಮಾಡುವ ಅಧಿಕಾರ ನೀಡಿ, ಮಾತ್ರೆಗಳನ್ನು ಉಚಿತವಾಗಿ ಅಥವಾ ಅಲ್ಪ ಬೆಲೆಗೆ ಒದಗಿಸಿ, ಮನೆಯಲ್ಲಿಯೇ ಒತ್ತಡ ಅಳೆದುಕೊಳ್ಳಲು ಕಲಿಸಲಾಯಿತು. ಈ ಹಳ್ಳಿಗಳಲ್ಲಿ ಎಂದಿನ ಚಿಕಿತ್ಸೆಯ ಹಳ್ಳಿಗಳಿಗಿಂತ ಮೇಲಿನ ಅಂಕಿ 22 ಮಿ.ಮೀ. ಹೆಚ್ಚಾಗಿ ಇಳಿಯಿತು, ಡಿಮೆನ್ಷಿಯಾ ಶೇ. 15ರಷ್ಟು ಕಡಿಮೆಯಾಯಿತು. ದೊಡ್ಡ ಆಸ್ಪತ್ರೆ, ಸ್ಕ್ಯಾನ್, ನರರೋಗ ತಜ್ಞರು ಯಾರ ಹಂಗೂ ಇಲ್ಲದೆ ಆದ ಕೆಲಸವಿದು.

ಭಾರತದಲ್ಲಿ 30ರಿಂದ 79ರ ವಯೋಮಾನದ ಸುಮಾರು 18.8 ಕೋಟಿ ಮಂದಿಗೆ ಅಧಿಕ ರಕ್ತದೊತ್ತಡವಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿ ಅಂದಾಜಿಸಿದೆ. ತಮಗೆ ಈ ತೊಂದರೆ ಇದೆಯೆಂದು ತಿಳಿದವರು ನೂರಕ್ಕೆ 37, ಔಷಧ ಸೇವಿಸುವವರು 30, ಒತ್ತಡ ಹತೋಟಿಯಲ್ಲಿರುವವರು 15. ತಿಳಿದೂ ಬಿಟ್ಟವರ, ಸೇವಿಸಿಯೂ ಹತೋಟಿಗೆ ಬಾರದವರ ಲೆಕ್ಕ ಈ ಮೂರು ಅಂಕಿಗಳ ನಡುವೆಯೇ ಅಡಗಿದೆ. ‘ಬಿ.ಪಿ. ನಾರ್ಮಲ್ ಆಯಿತು, ಮಾತ್ರೆ ನಿಲ್ಲಿಸಿದೆ’ ಎಂಬ ಮಾತನ್ನು ಕೇಳದ ವೈದ್ಯರಿಲ್ಲ. ಮಾತ್ರೆಯ ಬಲದಿಂದ ಅಂಕಿ ಇಳಿದಿದೆಯೆಂಬುದನ್ನು ರೋಗಿಗೆ ವಿವರಿಸಲು ಹೊರರೋಗಿ ವಿಭಾಗದ ಸಾಲಿನಲ್ಲಿ ಸಿಗುವುದು ಎರಡು ನಿಮಿಷ. ಇನ್ನು ಆಹಾರದ ಕಡೆಗೆ ಬಂದರೆ, ದಿನಕ್ಕೆ ಐದು ಗ್ರಾಂ, ಅಂದರೆ ಒಂದು ಟೀ ಚಮಚದಷ್ಟು ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿಗಳ ಎಲೆಯಲ್ಲಿ ಅದನ್ನು ಹೇಗೆ ಸಾಧಿಸಬೇಕೆಂಬುದು ವೈದ್ಯರಿಗಿಂತ ಗೃಹಿಣಿಯರಿಗೆ ಚೆನ್ನಾಗಿ ಗೊತ್ತಿರುವ ವಿಚಾರ.

ಪರದೇಶದ ಅಂಕಿಗಳನ್ನೇ ನಂಬಿ ಕೂರಬೇಕಾದ ಸ್ಥಿತಿಯಿಂದ ಪಾರಾಗುವ ಯತ್ನವೊಂದು ಕರ್ನಾಟಕದಲ್ಲಿಯೇ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು 2018ರಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದವರ ದೀರ್ಘಕಾಲದ ಅಧ್ಯಯನವನ್ನು ಆರಂಭಿಸಿತು. ಹತ್ತು ಸಾವಿರ ಮಂದಿಯನ್ನು ಸೇರಿಸಿಕೊಳ್ಳುವ ಗುರಿಯ ಈ ಯೋಜನೆಯಲ್ಲಿ ರಕ್ತಪರೀಕ್ಷೆ, ಹೃದಯ ಪರೀಕ್ಷೆ, ಮಿದುಳಿನ ಚಿತ್ರಣ, ಬುದ್ಧಿಶಕ್ತಿಯ ಪರೀಕ್ಷೆಗಳು ಮತ್ತೆ ಮತ್ತೆ ನಡೆಯುತ್ತವೆ. ಮಾವಿಗೆ ಹೆಸರಾದ ಈ ತಾಲ್ಲೂಕಿನ ರೈತರಲ್ಲಿ ಶಾಲೆ ಕಾಣದವರೂ ಉಂಟು. ಅಂಥವರ ಬುದ್ಧಿಶಕ್ತಿಯನ್ನು ಓದು ಬರಹದ ಪ್ರಶ್ನೆಗಳಿಂದ ಅಳೆದರೆ ಆರೋಗ್ಯವಂತರೂ ರೋಗಿಗಳಾಗಿ ತೋರುತ್ತಾರೆ. ಹರಿಯಾಣದ ಬಲ್ಲಭಗಢದ ನಿರಕ್ಷರ ವೃದ್ಧರಿಗಾಗಿ ಹಿಂದಿಯಲ್ಲಿ ಪ್ರತ್ಯೇಕ ಪರೀಕ್ಷೆಯೊಂದನ್ನು 1990ರ ದಶಕದಲ್ಲಿ ರೂಪಿಸಿದ್ದು ಈ ಕಾರಣದಿಂದಲೇ. ಶ್ರೀನಿವಾಸಪುರದಲ್ಲಿ 2018ರಂದು 45ರ ವಯಸ್ಸಿಗೆ ಹೆಸರು ನೋಂದಾಯಿಸಿ ತೋಳಿಗೆ ಪಟ್ಟಿ ಕಟ್ಟಿಸಿಕೊಂಡ ರೈತನಿಗೆ 65 ತುಂಬುವುದು 2038ರಲ್ಲಿ. ಹೊನೊಲುಲುವಿನ ಕಡತಗಳು ಉತ್ತರ ಕೊಡಲು ತೆಗೆದುಕೊಂಡ ಅವಧಿಯೂ ಹೆಚ್ಚುಕಡಿಮೆ ಅಷ್ಟೇ.